ಮೂರು ಹೊಲಿಗೆಯ ಬಟ್ಟಲು

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಶುರು ಮಾಡಿದರೆ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಅದನ್ನು ಆಗಲೇ ಬರೆದಿಟ್ಟುಕೊಂಡಿದ್ದೀರಾ? ಯಾರೂ ಬರೆದಿಟ್ಟಿರುತ್ತಿರಲಿಲ್ಲ. ನಾನು ಅಲ್ಲಿಗೆ ಮಾತು ನಿಲ್ಲಿಸುತ್ತಿದ್ದೆ. ಬರೆದಿಡದ ನೆನಪು ಹೇಳಿದ ಹಾಗೆಲ್ಲ ಬೆಳೆಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ಈಗ ನಾನು ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನೂ ನಂಬುತ್ತಿರಲಿಲ್ಲ. ತೊಂದರೆ ಏನೆಂದರೆ ನಾನು ಬರೆದಿಟ್ಟುಕೊಂಡಿದ್ದೇನೆ, ಅಳತೆ ಸಹಿತ. ಮತ್ತು ನಾನು ಬರೆದ ಆ ಒಂದು ಸಾಲಿನಿಂದ ಒಬ್ಬ ಹೆಂಗಸಿನ ಕೆಲಸ, ಮರ್ಯಾದೆ ಎರಡೂ ಹೋಗುವುದರಲ್ಲಿತ್ತು.

ಇದು ಆರು ವರ್ಷದ ಹಿಂದಿನ ಮಾತು. ಇತಿಹಾಸದಲ್ಲಿ ಎಂ.ಎ. ಮುಗಿಸಿ ನಾನು ಹಳೆಯ ವಸ್ತುಗಳನ್ನು ಪರೀಕ್ಷಿಸುವ ಒಂದು ಸಣ್ಣ ಕಚೇರಿ ಸೇರಿದ್ದೆ. ಯಾರ ಮನೆಯಲ್ಲಾದರೂ ಹಳೆಯ ಪಿಂಗಾಣಿ, ಗಡಿಯಾರ, ಪೀಠೋಪಕರಣ ಇದ್ದರೆ ಅಲ್ಲಿಗೆ ಹೋಗಿ, ಒಂದೊಂದನ್ನೂ ಕೈಗೆ ತೆಗೆದುಕೊಂಡು, ಅದು ಈಗ ಯಾವ ಸ್ಥಿತಿಯಲ್ಲಿದೆ ಎಂದು ವರದಿ ಬರೆಯುವುದು ನನ್ನ ಕೆಲಸ. ಬೆಲೆ ಹೇಳುವುದು ಬೇರೆಯವರು. ನಾನು ಬರೆಯಬೇಕಾದದ್ದು ಇಷ್ಟೇ: ಎಲ್ಲಿ ಚಕ್ಕೆ ಎದ್ದಿದೆ, ಎಲ್ಲಿ ಬಿರುಕು, ಎಲ್ಲಿ ಯಾರು ಅಂಟಿಸಿ ಮೇಲೆ ಬಣ್ಣ ಬಳಿದಿದ್ದಾರೆ. ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸ. ಹೆಚ್ಚು ಮಾತಾಡಬೇಕಾಗಿಲ್ಲ.

ಆಲ್ದೂರಿನಿಂದ ಮುಂದೆ ಇರುವ ಒಂದು ಎಸ್ಟೇಟಿನಿಂದ ಕರೆ ಬಂತು. ಎಸ್ಟೇಟಿನ ಹೆಸರು ಬೇಡ. ಮಾಲೀಕರ ಪತ್ನಿ ನಳಿನಿಯವರು ಹಳೆಯ ಬಂಗಲೆಯನ್ನು ಹೋಂಸ್ಟೇ ಮಾಡಲು ಹೊರಟಿದ್ದರು. ಅವರ ಮಾವನ ತಂದೆ ಆ ತೋಟವನ್ನು ಒಬ್ಬ ಬಿಳಿಯ ಪ್ಲಾಂಟರನಿಂದ ಕೊಂಡಾಗ ಮಂಚ, ಮೇಜು, ದೀಪಗಳ ಜೊತೆಗೆ ಒಂದು ಮರದ ಪೆಟ್ಟಿಗೆಯ ಟೀ ಸೆಟ್ಟೂ ಬಂದಿತ್ತಂತೆ. ಚೀನಾದಲ್ಲಿ ತಯಾರಾಗಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಮತ್ತೆ ಹಡಗು ಹತ್ತಿ ನಮ್ಮ ಘಟ್ಟಕ್ಕೆ ಬಂದದ್ದು. ಇನ್ನೂರು ವರ್ಷಕ್ಕಿಂತ ಹಳೆಯದು. ಅತಿಥಿಗಳಿಗೆ ಕಾಣುವ ಹಾಗೆ ಗಾಜಿನ ಬೀರುವಿನಲ್ಲಿ ಇಡುವ ಮೊದಲು ಪಟ್ಟಿಯಾಗಬೇಕು ಎಂಬುದು ನಳಿನಿಯವರ ಅಪೇಕ್ಷೆ.

ನಾನು ಹೋದದ್ದು ಜನವರಿಯಲ್ಲಿ. ಕಾಫಿ ಹಣ್ಣಿನ ಕೊಯ್ಲು ಜೋರಾಗಿತ್ತು. ಬಂಗಲೆಯ ಮುಂದಿನ ಕಣದಲ್ಲಿ ಪಾರ್ಚ್‌ಮೆಂಟ್, ಎಂದರೆ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಹರವಿದ್ದರು. ಜೀಪಿನಿಂದ ಇಳಿದವಳನ್ನು ಎದುರುಗೊಂಡದ್ದು ತೋಟದ ಲೆಕ್ಕಪತ್ರ ನೋಡುವ ರೈಟರ್ ಶೀನಪ್ಪ. ಅರವತ್ತರ ಹತ್ತಿರದ, ತೆಳ್ಳಗಿನ, ಸುಮ್ಮನಿರಲಾರದ ಮನುಷ್ಯ.

"ಕಾಫಿ ತೋಟಕ್ಕೆ ಬಂದು ಟೀ ಕಪ್ಪು ನೋಡ್ತೀರಾ ಮೇಡಂ? ಇದೇ ನೋಡಿ ಕಲಿಗಾಲ" ಎಂದರು.

ಅಡುಗೆಮನೆ ನೋಡಿಕೊಳ್ಳುತ್ತಿದ್ದದ್ದು ಸುಶೀಲಕ್ಕ. ಐವತ್ತೈದು ವರ್ಷ ಇರಬಹುದು. ತೋಟದ ಕೂಲಿಗಳ ಸಾಲುಮನೆಯಾದ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವರು. ಅವರ ತಾಯಿ ರುಕ್ಕಮ್ಮ ಹಿಂದೆ ಇದೇ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹೋಂಸ್ಟೇ ಶುರುವಾದರೆ ಅಡುಗೆಮನೆ ಪೂರ್ತಿ ಸುಶೀಲಕ್ಕನ ಸುಪರ್ದಿಗೆ, ಕೈಕೆಳಗೆ ಇಬ್ಬರು ಹುಡುಗಿಯರು ಎಂದು ನಳಿನಿಯವರು ಆಗಲೇ ಹೇಳಿದ್ದರು. ಅಂದು ಬೆಳಿಗ್ಗೆ ಅಕ್ಕಿರೊಟ್ಟಿ ಬಡಿಸುತ್ತಾ ಸುಶೀಲಕ್ಕ ನನಗೂ ಅದನ್ನು ಹೇಳಿದರು. ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮಧ್ಯಾಹ್ನ ನಳಿನಿಯವರು ಸುಶೀಲಕ್ಕನನ್ನು ಕರೆದುಕೊಂಡು ಹೋಂಸ್ಟೇಗೆ ಬೇಕಾದ ಪಾತ್ರೆ ತರಲು ಚಿಕ್ಕಮಗಳೂರಿಗೆ ಹೊರಟರು. ಹೊರಡುವ ಮೊದಲು ಅಡುಗೆಮನೆ ಪಕ್ಕದ ಪ್ಯಾಂಟ್ರಿಯ, ಎಂದರೆ ಪಾತ್ರೆ ಇಡುವ ಕೋಣೆಯ, ಅಟ್ಟದ ಮೇಲಿಂದ ಪೆಟ್ಟಿಗೆ ಇಳಿಸಿದರು. ತೆಂಗಿನ ಹಗ್ಗದಿಂದ ಬಿಗಿದದ್ದು. ಹಗ್ಗದ ಗಂಟಿನ ಮೇಲೆ ಬೆರಳು ದಪ್ಪ ಧೂಳು. ಅವರ ಅತ್ತೆ ತೀರಿಕೊಂಡ ಮೇಲೆ ಅದನ್ನು ಯಾರೂ ಬಿಚ್ಚಿರಲಿಲ್ಲ. ನಾನೇ ಚಾಕುವಿನಿಂದ ಹಗ್ಗ ಕತ್ತರಿಸಿದೆ. ಮೇಲಿನ ಹುಲ್ಲು ಸರಿಸಿದಾಗ ಟೀ ಪಾಟ್ ಕಂಡಿತು, ಅದರ ಪಕ್ಕ ಒಂದರೊಳಗೊಂದು ಇಟ್ಟಿದ್ದ ತಟ್ಟೆಗಳು. ಬಟ್ಟಲುಗಳು ತಳದಲ್ಲಿದ್ದವು.

"ಹನ್ನೆರಡು ತಟ್ಟೆ ಇರ್ಬೇಕು. ಕಪ್ಪು ಹನ್ನೊಂದೇ. ಒಂದು ಅತ್ತೆ ಕಾಲದಲ್ಲಿ ಹೋಯ್ತಂತೆ" ಎಂದು ನಳಿನಿಯವರು ಹೇಳಿದರು. ಸುಶೀಲಕ್ಕ ಬಾಗಿಲಲ್ಲಿದ್ದರು. ಆ ಮಾತು ಬಂದ ಕೂಡಲೇ ಅಲ್ಲಿಂದ ಸರಿದುಹೋದರು. ಅದನ್ನು ನಾನು ಗಮನಿಸಿದೆ, ಆದರೆ ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ.

ನನ್ನ ಕೆಲಸದಲ್ಲಿ ಎರಡು ಪರೀಕ್ಷೆ ಮುಖ್ಯ. ಒಂದು, ಬಟ್ಟಲನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಉಗುರಿನಿಂದ ಅಂಚಿಗೆ ತಟ್ಟುವುದು. ಬಿರುಕಿಲ್ಲದ ಪಿಂಗಾಣಿ ಸಣ್ಣ ಗಂಟೆಯ ಹಾಗೆ ನಾದ ಕೊಡುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ನಾದ ಸತ್ತುಹೋಗಿ ಬರೀ 'ಟಕ್' ಎನ್ನುತ್ತದೆ. ಇನ್ನೊಂದು, ಕತ್ತಲಲ್ಲಿ ನೇರಳೆ ಬೆಳಕಿನ ಟಾರ್ಚ್ ಬಿಟ್ಟು ನೋಡುವುದು. ಅಂಟು ಅಥವಾ ಹೊಸ ಬಣ್ಣ ಇದ್ದ ಕಡೆ ಮಾಸಲು ಹಳದಿಯಾಗಿ ಹೊಳೆಯುತ್ತದೆ. ಇದಕ್ಕಾಗಿ ನಾವು ಹಾಡಹಗಲಲ್ಲೇ ಕತ್ತಲೆ ಮಾಡಿಕೊಳ್ಳುತ್ತೇವೆ. ನಾನು ಪ್ಯಾಂಟ್ರಿಯ ಕಿಟಕಿಗೆ ಎರಡು ಕಂಬಳಿ ಕಟ್ಟಿ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಆಗ ಮೂರು ಗಂಟೆ ದಾಟಿತ್ತು. ಹೊರಗೆ ಜಗುಲಿಯಲ್ಲಿ ಶೀನಪ್ಪ ಕೂಲಿ ಪುಸ್ತಕ ಇಟ್ಟುಕೊಂಡು ಕುಳಿತಿದ್ದರು. ಒಬ್ಬಳನ್ನೇ ಬಿಡಬೇಡಿ ಎಂದು ನಳಿನಿಯವರು ಹೇಳಿ ಹೋಗಿದ್ದರಂತೆ.

ಮೇಜಿನ ಮೇಲೆ ಹನ್ನೆರಡು ತಟ್ಟೆಗಳನ್ನು ಸಾಲಾಗಿ ಇಟ್ಟು ಒಂದೊಂದರಲ್ಲೂ ಸಂಖ್ಯೆ ಬರೆದ ಚೀಟಿ ಇಟ್ಟಿದ್ದೆ. ಪೆಟ್ಟಿಗೆಯಿಂದ ಒಂದು ಬಟ್ಟಲು ತೆಗೆಯುವುದು, ಟಾರ್ಚ್ ಬಿಟ್ಟು ನೋಡುವುದು, ತಟ್ಟುವುದು, ಅಳೆಯುವುದು, ಬರೆಯುವುದು, ತಟ್ಟೆಯಲ್ಲಿ ಇಡುವುದು. ಹಿಡಿಕೆ ಇಲ್ಲದ, ಅಂಗೈಯಲ್ಲಿ ಕೂರುವ ಸಣ್ಣ ಬಟ್ಟಲುಗಳವು. ಹೊರಮೈಯಲ್ಲಿ ನೀಲಿ ಬಣ್ಣದ ನದಿ, ಸೇತುವೆ, ಸೇತುವೆಯ ಮೇಲೆ ಕೊಡೆ ಹಿಡಿದ ಒಬ್ಬ ಮನುಷ್ಯ. ಅಂಚಿನ ಚಿನ್ನದ ಗೆರೆ ಸವೆದಿತ್ತು. ನಾಲ್ಕನೆಯದರಲ್ಲಿ ಸಣ್ಣ ಚಕ್ಕೆ, ಒಂಬತ್ತನೆಯದರ ತಳದಲ್ಲಿ ಒಂದು ಗೀರು. ಆದರೂ ಅಲ್ಲಿಯವರೆಗಿನ ಎಲ್ಲವೂ ನಾದ ಕೊಟ್ಟವು.

"ಎಂಥ ಮೇಡಂ, ಒಳಗೆ ಪೂಜೆಯಾ?" ಎಂದು ಶೀನಪ್ಪ ಹೊರಗಿನಿಂದ ಕೂಗಿದರು. "ಸಂತೇಲಿ ತೆಂಗಿನಕಾಯಿ ಬಡಿದು ನೋಡ್ದ ಹಾಗೆ ಕೇಳ್ತದೆ!"

ಹುಲ್ಲಿನೊಳಗೆ ಕೈ ಹಾಕಿ ಮತ್ತೊಂದು ಬಟ್ಟಲು ತೆಗೆದೆ. ಅದು ಬೇರೆಯವಕ್ಕಿಂತ ತಣ್ಣಗಿತ್ತು. ಟಾರ್ಚ್ ಬಿಟ್ಟಾಗ ಒಂದು ಅಂಚಿನಿಂದ ತಳ ದಾಟಿ ಇನ್ನೊಂದು ಅಂಚಿನವರೆಗೆ ಒಂದೇ ಬಿರುಕು ಕಂಡಿತು. ಬಿರುಕಿಗೆ ಅಡ್ಡಲಾಗಿ ಮೂರು ಲೋಹದ ಹೊಲಿಗೆ. ಅಂಟು ಬರುವ ಮೊದಲು ಪಿಂಗಾಣಿಗೆ ಸೂಜಿಯಷ್ಟು ಸಣ್ಣ ತೂತು ಕೊರೆದು, ತಂತಿಯ ಕೊಂಡಿ ಹಾಕಿ ಎರಡು ಹೋಳನ್ನು ಬಿಗಿಯುತ್ತಿದ್ದರು. ಹೀಗೆ ಹೊಲಿದ ಪಾತ್ರೆಗಳನ್ನು ನಾನು ಮೊದಲೂ ನೋಡಿದ್ದೆ, ಆದ್ದರಿಂದ ಆಶ್ಚರ್ಯವಾಗಲಿಲ್ಲ. ಮಧ್ಯದ ಹೊಲಿಗೆಯ ಒಂದು ಕಾಲು ಸಡಿಲವಾಗಿತ್ತು. ಉಗುರಿನಿಂದ ಮುಟ್ಟಿದರೆ ಅಲುಗುತ್ತಿತ್ತು. ಅಂಚಿಗೆ ತಟ್ಟಿದೆ.

ಟಕ್.

"ಅದು ಕೆಟ್ಟಿದೆ ಮೇಡಂ, ವಾಪಸ್ ಕೊಡಿ!" ಎಂದು ಶೀನಪ್ಪ ಹೊರಗೆ ನಕ್ಕರು.

ನಾನೂ ನಕ್ಕೆ. ಅಳತೆ ತೆಗೆದು ಬರೆದುಕೊಂಡೆ. ಅದನ್ನು ಹನ್ನೆರಡನೆಯ ತಟ್ಟೆಯಲ್ಲಿ ಇಟ್ಟೆ. ಪೆಟ್ಟಿಗೆ ಖಾಲಿಯಾಗಿತ್ತು. ಆಗಲೇ ನಳಿನಿಯವರು ಹನ್ನೊಂದು ಎಂದಿದ್ದು ನೆನಪಾದದ್ದು. ತಮ್ಮ ಮನೆಯ ವಸ್ತುಗಳ ಲೆಕ್ಕ ಜನರಿಗೆ ತಿಳಿದಿರುವುದಿಲ್ಲ ಎಂಬುದು ನನಗೆ ರೂಢಿಯಾಗಿಬಿಟ್ಟಿತ್ತು. ಫೋಟೋವನ್ನು ನಾವು ಹಗಲಿನ ಬೆಳಕಿನಲ್ಲೇ ತೆಗೆಯುತ್ತೇವೆ. ಕಂಬಳಿ ಬಿಚ್ಚುವ ಹೊತ್ತಿಗೆ ಬಿಸಿಲು ಗುಡ್ಡದ ಆಚೆ ಹೋಗಿತ್ತು. ಬೆಳಿಗ್ಗೆ ತೆಗೆದರಾಯಿತು ಎಂದುಕೊಂಡು ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹೊದಿಸಿ ಹೊರಬಂದೆ.

ಸಂಜೆ ಇಬ್ಬರೂ ವಾಪಸಾದಾಗ ನಾನು ಹನ್ನೆರಡೂ ಇದೆ ಎಂದು ಹೇಳಿದೆ. ನಳಿನಿಯವರು ಕೈಯಲ್ಲಿದ್ದ ಚೀಲವನ್ನು ಹಾಗೇ ಕೆಳಗಿಟ್ಟರು.

"ಹನ್ನೆರಡಾ? ಸುಶೀಲಾ, ಬಾ ಇಲ್ಲಿ! ಕೇಳಿಸ್ಕೊಂಡ್ಯಾ? ಹನ್ನೆರಡೂ ಇದೆಯಂತೆ ಕಣೇ. ಅಷ್ಟು ವರ್ಷ ಸುಮ್ನೆ ನಿಮ್ಮವ್ವನ ಮೇಲೆ ಹೇಳಿದ್ದಲ್ಲ, ಪಾಪ!"

ಆಗ ನನಗೆ ಹಳೆಯ ಕತೆ ಗೊತ್ತಾಯಿತು. ಆ ಬಂಗಲೆಯಲ್ಲಿ ಒಂದು ಪದ್ಧತಿ ಇತ್ತಂತೆ. ಗಾಜು, ಪಿಂಗಾಣಿ ಏನೇ ಒಡೆದರೂ ಒಡೆದವರು ಅದೇ ದಿನ ಚೂರುಗಳನ್ನು ಮೊರದಲ್ಲಿ ಹಾಕಿ ದೊಡ್ಡಮ್ಮಾವ್ರಿಗೆ, ಎಂದರೆ ನಳಿನಿಯವರ ಅತ್ತೆಗೆ, ತೋರಿಸಬೇಕು. ತೋರಿಸಿದರೆ ಬೈಗುಳಕ್ಕೆ ಮುಗಿಯುತ್ತಿತ್ತು. ಚೂರು ತೋರಿಸದೆ ವಸ್ತು ಕಾಣೆಯಾದರೆ ಅದು ಕಳ್ಳತನ. ಒಂದು ಬಟ್ಟಲು ಹಾಗೆ ಕಾಣೆಯಾಗಿತ್ತು. ರುಕ್ಕಮ್ಮನನ್ನು ಬಂಗಲೆಯಿಂದ ಬಿಡಿಸಿ ತೋಟದ ಕೆಲಸಕ್ಕೆ ಕಳಿಸಿದ್ದರು. ಸಾಯುವವರೆಗೂ ಆಕೆ ಬಂಗಲೆಯ ಮೆಟ್ಟಿಲು ಹತ್ತಿರಲಿಲ್ಲ.

ಸುಶೀಲಕ್ಕ ಸಂತೋಷಪಡುತ್ತಾರೆಂದು ನಾನು ಎಣಿಸಿದ್ದೆ. ಅವರು ಗೋಡೆ ಹಿಡಿದುಕೊಂಡು ನಿಂತರು.

"ಹನ್ನೆರಡಾ? ನೀವೇ ಕೈಯಲ್ಲಿ ಹಿಡ್ದು ನೋಡಿದ್ರಾ?" ಎಂದು ನನ್ನನ್ನು ಕೇಳಿದರು. ನಾನು ಹೌದೆಂದೆ. ಅವರು ಅಡುಗೆಮನೆಗೆ ಹೋದರು. ಆ ರಾತ್ರಿ ಊಟಕ್ಕೆ ಮಾಡಿದ ಸಾರಿಗೆ ಉಪ್ಪು ಹಾಕಲು ಮರೆತಿದ್ದರು. ಮಲಗುವ ಮೊದಲು ಎಂದಿನಂತೆ ಪ್ಯಾಂಟ್ರಿಗೆ ಬೀಗ ಹಾಕಿ ಕೀಲಿಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾಕೋ ನನಗೂ ನಿದ್ದೆ ಸರಿಯಾಗಿ ಬರಲಿಲ್ಲ. ಏನೋ ಬರೆಯಲು ಬಿಟ್ಟಿದ್ದೇನೆ ಎಂದು ಎರಡು ಸಲ ಎದ್ದು ಪುಸ್ತಕ ತೆರೆದು ನೋಡಿದೆ. ಬಿಟ್ಟಿರಲಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ನಾವು ಮೂವರೂ ಒಟ್ಟಿಗೇ ಒಳಗೆ ಹೋದೆವು. ಸುಶೀಲಕ್ಕ ಬೀಗ ತೆಗೆದರು, ನಾನು ಬಟ್ಟೆ ಎತ್ತಿದೆ. ಹನ್ನೆರಡನೆಯ ತಟ್ಟೆಯಲ್ಲಿ ಚೀಟಿ ಮಾತ್ರ ಇತ್ತು.

ಮೊದಲು ನಾನು ಮೇಜಿನ ಕೆಳಗೆ ನೋಡಿದೆ. ಪೆಟ್ಟಿಗೆಯ ಹುಲ್ಲನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದೆ. ಹನ್ನೊಂದು ಬಟ್ಟಲುಗಳನ್ನೂ ಒಂದೊಂದಾಗಿ ಎತ್ತಿ ತಟ್ಟಿದೆ. ಎಲ್ಲವೂ ನಾದ ಕೊಟ್ಟವು. ಹೊಲಿಗೆ ಇದ್ದದ್ದು ಯಾವುದೂ ಇರಲಿಲ್ಲ. ಇನ್ನು ಯಾವುದನ್ನೂ ಮುಟ್ಟಬಾರದು ಎಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಕೀ ಯಾರ ಹತ್ರ ಇತ್ತು ಸುಶೀಲಾ?" ನಳಿನಿಯವರ ಧ್ವನಿ ಏರಿರಲಿಲ್ಲ.

"ನನ್ ಹತ್ರನೇ ಅಮ್ಮಾವ್ರೆ."

"ಮತ್ತೆ ಕಪ್ಪಿಗೆ ಕಾಲು ಬಂತಾ?"

ಸುಶೀಲಕ್ಕ ನೆಲ ನೋಡುತ್ತಿದ್ದರು. ನಳಿನಿಯವರು ಕೆಟ್ಟ ಹೆಂಗಸಲ್ಲ, ಅದನ್ನು ಇಲ್ಲಿ ಹೇಳಲೇಬೇಕು. ಅವರಿಗೆ ಸಿಟ್ಟಿಗಿಂತ ನೋವಾಗಿತ್ತು. "ನಿನ್ನೆ ಸಂಜೆ ನಿಮ್ಮವ್ವನ ಪರವಾಗಿ ಮಾತಾಡಿದ್ದು ನಾನು. ನನ್ನ ಮುಖಕ್ಕೇ ಹೊಡೆದ್ಯಲ್ಲ. ನೋಡು, ಮಧ್ಯಾಹ್ನದ ತನಕ ಟೈಮು. ತಂದು ಅಲ್ಲಿಟ್ಟುಬಿಡು. ಯಾಕೆ, ಏನು ಅಂತ ನಾ ಒಂದು ಮಾತೂ ಕೇಳಲ್ಲ. ಇಲ್ದಿದ್ರೆ ನಾಳೆಯಿಂದ ಅಡುಗೆಮನೆಗೆ ಬರೋದು ಬೇಡ" ಎಂದು ಹೇಳಿ ಹೊರಟುಹೋದರು.

ನಾನು ಅಲ್ಲೇ ನಿಂತಿದ್ದೆ. ಇಷ್ಟಕ್ಕೆಲ್ಲ ಇದ್ದ ಆಧಾರ ಒಂದೇ, ನನ್ನ ಪುಸ್ತಕ. ನಾನು ಹನ್ನೆರಡು ಎಂದು ಬರೆಯದಿದ್ದರೆ ಅಲ್ಲಿ ಏನೂ ಕಳೆದಿರುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಸುಶೀಲಕ್ಕ ಒಲೆಯ ಮುಂದೆ ಕುಳಿತಿದ್ದರು. ನಾನು ಬಾಗಿಲಲ್ಲಿ ನಿಂತು, ನೀವು ತೆಗೆದಿಲ್ಲ ಅಂತ ನನಗೆ ಅನ್ನಿಸುತ್ತೆ ಎಂದೆ. ಹಾಗೆ ಯಾಕೆ ಅನ್ನಿಸಿತೋ ಗೊತ್ತಿಲ್ಲ. ಅವರು ತಿರುಗಿ ನೋಡದೆ, "ಆ ಹನ್ನೆರಡನೇದು ಹ್ಯಾಗಿತ್ತು ಅಂತ ಬರ್ದಿದೀರಿ? ಸ್ವಲ್ಪ ಓದಿ" ಎಂದರು.

ಕಚೇರಿಗಾಗಿ ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಅದನ್ನು ಅಲ್ಲೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಬಟ್ಟಲು, ಹಿಡಿಕೆ ಇಲ್ಲ. ಎತ್ತರ ನಾಲ್ಕೂವರೆ ಸೆಂಟಿಮೀಟರ್. ಒಂದು ಅಂಚಿನಿಂದ ತಳ ದಾಟಿ ಇನ್ನೊಂದು ಅಂಚಿನವರೆಗೆ ಒಂದು ಬಿರುಕು. ಬಿರುಕು ಸೇತುವೆಯ ಮೇಲಿನ ಮನುಷ್ಯನ ಪಕ್ಕದಲ್ಲೇ ಇಳಿದಿದೆ. ಮೂರು ಲೋಹದ ಹೊಲಿಗೆ. ಮಧ್ಯದ ಹೊಲಿಗೆಯ ಎಡಗಾಲು ಸಡಿಲ.

ಸುಶೀಲಕ್ಕ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಹೇಳಿದರು: "ಸಡಿಲ ಮಾಡಿದ್ದು ನಾನೇ ಮೇಡಂ. ಸಣ್ಣವ್ಳಿದ್ದಾಗ. ಉಗುರಲ್ಲಿ ಮೀಟಿ ಮೀಟಿ. ಅವ್ವ ಬೆನ್ನಿಗೆ ಎರಡು ಬಿಟ್ಟಿದ್ಲು."

ಬಂಗಲೆಯ ಆಳುಗಳಿಗೆ ಹಿತ್ತಲ ಕಟ್ಟೆಯ ಮೇಲೆ ಅಲ್ಯುಮಿನಿಯಂ ಲೋಟಗಳಿರುತ್ತಿದ್ದವಂತೆ. ಒಂದು ಚಳಿಗಾಲದ ಬೆಳಿಗ್ಗೆ ದೊಡ್ಡಮ್ಮಾವ್ರು ಎದ್ದಿರಲಿಲ್ಲ. ರುಕ್ಕಮ್ಮನಿಗೆ ಆ ಬಟ್ಟಲಲ್ಲಿ ಒಮ್ಮೆ ಕುಡಿದು ನೋಡಬೇಕೆಂದು ಆಸೆಯಾಯಿತು. "ಕೊರೆಯೋ ಕಪ್ಪಿಗೆ ಕುದಿಯೋದನ್ನ ಹುಯ್ದಿದಾಳೆ. ಟಪ್ ಅಂತ ಎರಡು ಹೋಳಾಯ್ತಂತೆ. ಚೂರು ತೋರ್ಸಿದ್ರೆ ಯಾಕೆ ಒಡೀತು ಅಂತ ಕೇಳ್ತಾರೆ. ನಾ ಕುಡಿಯೋಕೆ ಹೋಗಿದ್ದೆ ಅಂತ ಹೇಳೋಕಾಗ್ತದಾ?" ರುಕ್ಕಮ್ಮ ಹೋಳುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಒಯ್ದರು. ಪಿಂಗಾಣಿ ಹೊಲಿಯುವವನೊಬ್ಬ ವರ್ಷಕ್ಕೊಮ್ಮೆ ಸಂತೆಗೆ ಬರುತ್ತಿದ್ದ. ಅವನ ಕೈಯಲ್ಲಿ ಹೊಲಿಸಿ, ಗೊತ್ತಾಗದ ಹಾಗೆ ಎಲ್ಲದರ ಹಿಂದೆ ಇಟ್ಟುಬಿಡಬೇಕು ಎಂದುಕೊಂಡಿದ್ದರು. ಅವನು ಬರುವಷ್ಟರಲ್ಲಿ ಲೆಕ್ಕವಾಗಿ, ಕಳ್ಳತನವೆಂದು ತೀರ್ಮಾನವಾಗಿ, ಅವರನ್ನು ತೋಟಕ್ಕೆ ಕಳಿಸಿ ಆಗಿತ್ತು. ಆಮೇಲೆ ಹೊಲಿಸಿದ ಬಟ್ಟಲನ್ನು ವಾಪಸ್ ಕೊಟ್ಟರೆ ಕದ್ದದ್ದು ನಿಜವೆಂದು ತಾವೇ ಒಪ್ಪಿಕೊಂಡ ಹಾಗೆ. ಹಾಗಾಗಿ ಅದು ಮನೆಯಲ್ಲೇ ಉಳಿಯಿತು, ಅಕ್ಕಿ ಡಬ್ಬದೊಳಗೆ.

"ಈಗ ಅದು ಎಲ್ಲಿದೆ?" ಎಂದು ಕೇಳಿದೆ.

"ಅವ್ವನ ಜೊತೆಗೇ ಇದೆ. ನಮ್ಮಲ್ಲಿ ಮಣ್ಣು ಮಾಡೋದು. ನಾನೇ ಅವಳ ಕೈ ಹತ್ರ ಇಟ್ಟೆ, ಯಾರೂ ನೋಡ್ದ ಹಾಗೆ. ಹತ್ತೊಂಬತ್ತು ವರ್ಷ ಆಯ್ತು."

ಓದುವ ನಿಮಗೆ ಈಗ ಏನನ್ನಿಸುತ್ತಿದೆಯೋ ನನಗೆ ತಿಳಿಯದು. ನನಗೆ ಆ ಕ್ಷಣಕ್ಕೆ ಭಯವಾಗಲಿಲ್ಲ. ನನ್ನ ಬೆರಳುಗಳನ್ನು ನೋಡಿಕೊಂಡೆ, ಅಷ್ಟೇ. ಆ ಬಟ್ಟಲು ಎಷ್ಟು ತಣ್ಣಗಿತ್ತೆಂದು ನೆನಪಾಯಿತು. ಅದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ, ಬರೆಯಲು ಅದಕ್ಕೊಂದು ಅಂಕಣವಿಲ್ಲ.

ಆಮೇಲೆ ಮನಸ್ಸು ಲೆಕ್ಕ ಹಾಕತೊಡಗಿತು. ನಿಜ ಹೇಳಿದರೆ ರುಕ್ಕಮ್ಮ ಬಟ್ಟಲು ಒಯ್ದದ್ದು ಖಚಿತವಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಣ್ಣಿನಲ್ಲಿರುವ ಬಟ್ಟಲನ್ನು ನಾನು ಅಳೆದೆ ಎಂದರೆ ಯಾರು ನಂಬುತ್ತಾರೆ? ಸುಶೀಲಕ್ಕನೇ ಅದನ್ನು ಇಷ್ಟು ವರ್ಷ ಮನೆಯಲ್ಲಿಟ್ಟುಕೊಂಡು ಆಟವಾಡಿಸುತ್ತಿದ್ದಾರೆ ಎಂದಾಗುತ್ತದೆ. ಸುಮ್ಮನಿದ್ದರೆ ಮಧ್ಯಾಹ್ನಕ್ಕೆ ಅವರ ಕೆಲಸ ಹೋಗುತ್ತದೆ. ಉಳಿದ ದಾರಿ ಒಂದೇ. ನಾನು ತಪ್ಪಾಗಿ ಎಣಿಸಿದೆ ಎಂದು ಹೇಳಿ ಆ ಸಾಲನ್ನು ಹೊಡೆದುಹಾಕುತ್ತೇನೆ ಎಂದೆ.

"ಆಮೇಲೆ ಅವ್ವ?" ಎಂದರು ಸುಶೀಲಕ್ಕ.

ಅದು ನನಗೆ ಹೊಳೆದೇ ಇರಲಿಲ್ಲ. ಹನ್ನೊಂದೇ ಇದ್ದದ್ದು ಎಂದ ಕೂಡಲೇ ರುಕ್ಕಮ್ಮ ಮತ್ತೆ ಕಳ್ಳಿಯಾಗುತ್ತಿದ್ದರು. ಅವರ ಹೆಸರು ತೊಳೆದದ್ದು ನನ್ನ ಆ ಸಾಲೇ, ಅದೂ ಹಿಂದಿನ ಸಂಜೆಯಷ್ಟೇ.

ಒಲೆಯ ಮೇಲಿನ ಹಾಲು ಉಕ್ಕಿ ಬರುತ್ತಿತ್ತು. ಅವರು ಅದನ್ನು ಇಳಿಸಿ, ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಹೊಡೆದ್ಹಾಕಿ. ಅವ್ವ ಸತ್ತಿದಾಳೆ. ನಾನಿನ್ನೂ ಅನ್ನ ಉಣ್ಬೇಕು." ಮತ್ತೆ ಕೇಳಿದರು, "ಪೂರ್ತಿ ಅಳಿಸ್ತೀರಾ?"

ಇಲ್ಲ, ನಮ್ಮ ಕೆಲಸದಲ್ಲಿ ಯಾವುದನ್ನೂ ಅಳಿಸುವಂತಿಲ್ಲ, ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುತ್ತೇವೆ, ಕೆಳಗಿನದು ಓದಲು ಬರುತ್ತದೆ ಎಂದೆ.

"ಹಂಗಾದ್ರೆ ಆಗ್ಲಿ."

ನಳಿನಿಯವರು ಜಗುಲಿಯಲ್ಲಿ ಶೀನಪ್ಪನವರ ಜೊತೆ ಮಾತಾಡುತ್ತಿದ್ದರು. ನಾನು ಪುಸ್ತಕ ಹಿಡಿದು ಹೋದೆ. ಕತ್ತಲಲ್ಲಿ ಒಂದೇ ಬಟ್ಟಲನ್ನು ಎರಡು ಸಲ ಎಣಿಸಿದ್ದೇನೆ, ಹೊಲಿಗೆಯ ವಿವರ ಹಿಂದಿನ ವಾರ ನೋಡಿದ ಬೇರೆ ಮನೆಯದು, ಅಭ್ಯಾಸಬಲದಿಂದ ಬರೆದುಬಿಟ್ಟೆ ಎಂದು ಹೇಳಿದೆ. ಅಷ್ಟು ಸರಾಗವಾಗಿ ಸುಳ್ಳು ಹೇಳಿದ್ದು ಅದೇ ಮೊದಲು. ಅವರೆದುರೇ ಗೆರೆ ಎಳೆದು ಸಹಿ ಮಾಡಿದೆ.

"ಎಂ.ಎ. ಓದ್ಕೊಂಡು ಹನ್ನೆರಡರ ತನಕ ಎಣಿಸೋಕೆ ಬರಲ್ವೇನ್ರೀ?" ನಳಿನಿಯವರಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. "ಆ ಹೆಂಗಸಿಗೆ ಬೆಳಗ್ಗೆ ಬೆಳಗ್ಗೆ ಏನೆಲ್ಲ ಅಂದುಬಿಟ್ಟೆ ನಾನು! ಶೀನಪ್ಪ, ನೀವು ಇಲ್ಲೇ ಇದ್ರಲ್ಲ ನಿನ್ನೆ. ಇವ್ರು ಕಪ್ಪು ತಟ್ಟೋದು ಕೇಳಿಸ್ತಿತ್ತು ಅಂದ್ರಿ. ಎಷ್ಟು ಕೇಳಿಸ್ತು?"

ಶೀನಪ್ಪ ಬಾಯಿ ತೆರೆದರು. ಆ ಸತ್ತ ಸದ್ದನ್ನು ಅವರು ಕೇಳಿದ್ದರು, ಕೇಳಿ ನಕ್ಕಿದ್ದರು. ಅವರು ನನ್ನನ್ನು ನೋಡಿದರು. ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ಸುಶೀಲಕ್ಕನನ್ನೂ ನೋಡಿದರು.

"ಅಯ್ಯೋ, ನಂಗೆಲ್ಲಿ ಅಮ್ಮಾವ್ರೆ! ಕೂಲಿ ಲೆಕ್ಕ ಹಾಕ್ತಾ ಕೂತ್ರೆ ಪಕ್ಕದಲ್ಲಿ ಆನೆ ಬಂದ್ರೂ ಗೊತ್ತಾಗಲ್ಲ" ಎಂದರು.

"ಹಾಗಾದ್ರೆ ಅತ್ತೆ ಹೇಳಿದ್ದೇ ಸರಿ. ಒಂದು ಹೋಗಿರೋದು ಹೌದು" ಎಂದು ನಳಿನಿಯವರು ತಮಗೆ ತಾವೇ ಹೇಳಿಕೊಂಡು ಎದ್ದರು. ಒಳಗೆ ಹೋಗಿ ಸುಶೀಲಕ್ಕನ ಭುಜದ ಮೇಲೆ ಕೈ ಇಟ್ಟು ಏನೋ ಹೇಳಿದರು. ಕ್ಷಮೆ ಕೇಳಿದರೆಂದು ಕಾಣುತ್ತದೆ. ಸುಶೀಲಕ್ಕ ತಲೆ ಆಡಿಸಿದ್ದು ಕಂಡಿತು.

ಮಧ್ಯಾಹ್ನ ಜೀಪಿನಲ್ಲಿ ನನ್ನನ್ನು ಆಲ್ದೂರಿನವರೆಗೆ ಶೀನಪ್ಪನೇ ಬಿಟ್ಟರು. ಹೊರಡುವಾಗ ಸುಶೀಲಕ್ಕ ಬಾಳೆಲೆಯಲ್ಲಿ ಕಟ್ಟಿದ ರೊಟ್ಟಿಯನ್ನು ಕಿಟಕಿಯಿಂದ ಕೊಟ್ಟು, "ಒಂದು ರಾತ್ರಿ ಅವ್ವ ಕಳ್ಳಿ ಆಗಿರ್ಲಿಲ್ಲ ಅಲ್ವಾ ಮೇಡಂ" ಎಂದರು. ಅದು ಪ್ರಶ್ನೆಯಾಗಿರಲಿಲ್ಲ. ದಾರಿಯುದ್ದಕ್ಕೂ ಶೀನಪ್ಪ ಒಂದೂ ಜೋಕು ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ಚೀಲ ಇಳಿಸುತ್ತಾ ತಗ್ಗಿದ ದನಿಯಲ್ಲಿ, "ಹನ್ನೊಂದು ಸಲ ಟಿಣ್ ಅಂತು. ಒಂದ್ಸಲ ಟಕ್ ಅಂತು. ನನ್ನ ಕಿವಿ ಸರಿಯಾಗೇ ಇದೆ ಮಾರಾಯ್ರೆ" ಎಂದಷ್ಟೇ ಹೇಳಿ ಜೀಪು ತಿರುಗಿಸಿದರು.

ಕಚೇರಿಯಲ್ಲಿ ಆ ಗೆರೆಗೆ ವಿವರಣೆ ಕೇಳಿದರು. ಅಲ್ಲೂ ಅದನ್ನೇ ಹೇಳಿದೆ. ಆರು ತಿಂಗಳು ನನ್ನನ್ನು ಹೊರಗಿನ ಕೆಲಸಕ್ಕೆ ಕಳಿಸಲಿಲ್ಲ. ಅದು ನ್ಯಾಯವೇ. ಆಮೇಲೆ ನಾನಾಗಿಯೇ ಅಲ್ಲಿಂದ ಬಿಟ್ಟೆ. ಈಗ ಒಂದು ಗ್ರಂಥಾಲಯದಲ್ಲಿದ್ದೇನೆ.

ಇದಕ್ಕೆ ವಿವರಣೆ ಹುಡುಕಲು ನಾನು ಪ್ರಯತ್ನಿಸಿಲ್ಲ ಎಂದುಕೊಳ್ಳಬೇಡಿ. ಸುಶೀಲಕ್ಕನೇ ಬಟ್ಟಲನ್ನು ಪೆಟ್ಟಿಗೆಯಲ್ಲಿ ಸೇರಿಸಿ ಮತ್ತೆ ತೆಗೆದಿರಬಹುದು ಎಂದು ಮೊದಲು ಯೋಚಿಸಿದೆ. ಆದರೆ ಧೂಳು ಕೂತ ಹಗ್ಗವನ್ನು ಕತ್ತರಿಸಿದ್ದು ನಾನೇ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ್ದೂ ನಾನೇ. ಆ ಹೊತ್ತಿಗೆ ಅವರು ಚಿಕ್ಕಮಗಳೂರಿನ ಅಂಗಡಿಯಲ್ಲಿ ನಳಿನಿಯವರ ಪಕ್ಕದಲ್ಲಿದ್ದರು. ಅಲ್ಲದೆ ತಾಯಿಯ ಹೆಸರು ಉಳಿಸಲು ಬಟ್ಟಲು ತಂದಿಟ್ಟವರು ಅದೇ ರಾತ್ರಿ ಯಾಕೆ ತೆಗೆಯುತ್ತಾರೆ? ನನ್ನ ಮನಸ್ಸೇ ಕಲ್ಪಿಸಿತು ಎನ್ನೋಣವೆಂದರೆ, ಆ ಸಡಿಲ ಹೊಲಿಗೆಯನ್ನು ನಾನು ಹೇಗೆ ಕಲ್ಪಿಸಲಿ? ಶೀನಪ್ಪನವರ ಕಿವಿಗೆ ನನ್ನ ಕಲ್ಪನೆ ಹೇಗೆ ಕೇಳಿಸಿತು? ಸುಶೀಲಕ್ಕ ನನ್ನ ವಿವರ ಕೇಳಿದ ಮೇಲೆ ಕತೆ ಹೆಣೆದರು ಎಂದು ಒಬ್ಬ ಸ್ನೇಹಿತೆ ಹೇಳಿದಳು. ಆಗಬಹುದು. ಆದರೆ ತನ್ನ ತಾಯಿ ಕದ್ದಳು ಎಂದಾಗುವ ಕತೆಯನ್ನು ಯಾರು ಹೆಣೆಯುತ್ತಾರೆ? ಇಷ್ಟಾದ ಮೇಲೆ ನಾನು ಮತ್ತೆ ಮೊದಲಿಗೇ ಬರುತ್ತೇನೆ. ಆ ದಿನ ನಾನು ಸಹಿ ಮಾಡಿದ್ದು ಸುಳ್ಳಿಗೋ ನಿಜಕ್ಕೋ ಎಂಬುದು ಕೂಡ ನನಗೆ ಗೊತ್ತಿಲ್ಲ.

ಸುಶೀಲಕ್ಕ 'ಹೊಸ ವರ್ಷಕ್ಕೆ' ಎಂದು ಪ್ರತಿ ಯುಗಾದಿಗೆ ಫೋನ್ ಮಾಡುತ್ತಾರೆ. ಹೋಂಸ್ಟೇ ಚೆನ್ನಾಗಿ ನಡೆಯುತ್ತಿದೆ, ಅವರ ಕೈಯ ಕಡುಬಿಗೆ ಹೆಸರಾಗಿದೆ. ನಾವು ಆ ವಿಷಯ ಎತ್ತುವುದಿಲ್ಲ. ಈ ವರ್ಷ ಫೋನ್ ಮಾಡಿದಾಗ ಮಾತು ಮುಗಿಯುವ ಹೊತ್ತಿಗೆ ಅವರು, "ಮೊನ್ನೆ ಅವ್ವನ ಹತ್ರ ಹೋಗಿದ್ದೆ ಮೇಡಂ. ಹಾರೆ ತಗೊಂಡೇ ಹೋಗಿದ್ದೆ" ಎಂದರು.

ನಾನು ಕೇಳಲೆಂದು ಅವರು ಕಾದರು. ಅವರ ಹಿಂದೆ ಯಾರೋ ಪಾತ್ರೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ನೋಡಿದ್ದನ್ನು ನೋಡಿದ ಹಾಗೆ ಬರೆಯುವುದನ್ನೇ ಕೆಲಸ ಮಾಡಿಕೊಂಡಿದ್ದ ನನಗೆ ಕೇಳಲು ಬೇಕಾಗಿದ್ದದ್ದು ಒಂದೇ ಪದ, 'ಇತ್ತಾ?' ಅದು ಬಾಯಿಗೆ ಬರಲಿಲ್ಲ.

"ಆಯ್ತು, ಇಡ್ತೀನಿ. ಗೆಸ್ಟ್ ಬಂದಿದಾರೆ" ಎಂದು ಅವರು ಫೋನ್ ಇಟ್ಟರು.